ಇಪ್ಪತ್ತೆರಡು ವರ್ಷ ಹಳೆಯ ಬೆದರಿಕೆ

ಕಾರ್ಕಳದ ಕ್ಲಿನಿಕ್ಕಿನಲ್ಲಿ ಅಮ್ಮನ ರಿಪೋರ್ಟಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಐವತ್ತು ದಾಟಿದ ಇಬ್ಬರಿದ್ದರು. ಒಬ್ಬರು ಮೂಗಿಗೆ ಒತ್ತಿ ಹಿಡಿದ ಬೈರಾಸು ರಕ್ತದಲ್ಲಿ ತೊಯ್ದಿತ್ತು. ಇನ್ನೊಬ್ಬರ ಬಲಗೈ ಊದಿತ್ತು.

"ನೋವುಂಟಾ ಲಾಯ್ಡ್?"

"ಗುದ್ದಿದವನು ಕೇಳುವ ಪ್ರಶ್ನೆಯಾ ಯಶೋಧರ?"

"ಇಪ್ಪತ್ತೆರಡು ವರ್ಷ ಹಿಂದೆಯೇ ನಮ್ಮ ಗೆಳೆಯರ ಇಮೇಲ್ ಗ್ರೂಪಿನಲ್ಲಿ ಬರೆದಿದ್ದೆ. ಮೀನಿನ ಪುಳಿಮುಂಚಿಗೆ ಬೆಳ್ಳುಳ್ಳಿ ಬೇಡ ಅಂದರೆ ಮೂಗು ಒಡೆಯುತ್ತೇನೆ ಅಂತ. ಇವತ್ತು ಮದುವೆ ಊಟದಲ್ಲಿ ಪುನಃ ಅದನ್ನೇ ಅಂದೆ ನೀನು."

"ಆ ಬೆದರಿಕೆಗೆ ನಾನು ನಿನ್ನನ್ನು ಗ್ರೂಪಿನಿಂದ ಹೊರಗೆ ಹಾಕಿದ್ದು ಸರಿಯೇ."

"ಮಸ್ಕತ್‌ನಲ್ಲಿ ಒಬ್ಬನೇ ಇದ್ದೆ ಮಾರಾಯ. ನಿಮ್ಮ ಜಗಳ ಓದಲಿಕ್ಕೆ ಅಂತಲೇ ಪ್ರತಿ ಶುಕ್ರವಾರ ಸೈಬರ್ ಕೆಫೆಗೆ ಹೋಗುತ್ತಿದ್ದೆ. ಒಂದು ಶುಕ್ರವಾರ ನೋಡಿದರೆ ನಾನೇ ಹೊರಗೆ."

ಲಾಯ್ಡ್ ಬೈರಾಸನ್ನು ಮಡಚಿ ಪುನಃ ಮೂಗಿಗೆ ಒತ್ತಿಕೊಂಡರು.

"ಈಗ ಬೆದರಿಕೆ ಬಾಕಿ ಇಲ್ಲ, ಹೊಡೆದೇ ಆಯಿತು. ವಾಪಸ್ ಸೇರಿಸು."

"ಅಲ್ಲಿ ಈಗ ನಾನೊಬ್ಬನೇ ಇರುವುದು."

"ಒಬ್ಬನೇ ಎಂತ ಮಾಡುತ್ತೀ?"

"ಹಳೆಯ ಜಗಳ ಓದುತ್ತೇನೆ. ನಿನ್ನ ಬೈಗುಳವೇ ಚಂದ."

ನರ್ಸ್ ಹೆಸರು ಕರೆದರು. ಲಾಯ್ಡ್ ಏಳುತ್ತಾ ತಮ್ಮ ಫೋನನ್ನು ಯಶೋಧರರ ಊದಿದ ಕೈಗೆ ಕೊಟ್ಟರು.

"ಕನ್ನಡಕವನ್ನೂ ಒಡೆದಿದ್ದೀ, ನನಗೆ ಕಾಣುವುದಿಲ್ಲ. ನೀನೇ ಒತ್ತಿ ಸೇರಿಕೋ. ಬೆಳ್ಳುಳ್ಳಿ ವಿಷಯ ಎತ್ತಿದರೆ ಪುನಃ ಹೊರಗೆ ಹಾಕುತ್ತೇನೆ."

"ಹಾಕು ನೋಡುವ. ಹಲ್ಲು ಇನ್ನೂ ಉಂಟಲ್ವಾ ನಿನಗೆ?" ಎನ್ನುತ್ತಾ ಯಶೋಧರ ಲಾಯ್ಡ್ ಅವರ ತೋಳು ಹಿಡಿದು, ಮೆಟ್ಟಿಲು ತೋರಿಸುತ್ತಾ ಒಳಗೆ ಕರೆದುಕೊಂಡು ಹೋದರು.