ನೆಲ್ಲಿ ಕೊರಡಿನ ನೀರು

ದೀಪ ಸಣ್ಣ ಮಾಡಿ, ಹೇಳ್ತೀನಿ. ಯಾರೋ ಎಲ್ಲೋ ಕಂಡದ್ದಲ್ಲ. ನಮ್ಮ ಲಿಂಗಾಜಮ್ಮ ಚಿಕ್ಕಮ್ಮನ ಮಗಳು ರೂಪಶ್ರೀಗೆ ಆಗಿದ್ದು, ಹೋದ ಚಳಿಗಾಲದಲ್ಲಿ.

ಅವಳ ಅಣ್ಣ ಮಂಜುನಾಥ ಅವಳಿರೋ ಗೂಡಲೂರಿಗೆ ಹೋಗಿ ಕರೆದುಕೊಂಡು ಬಂದ. ಊಟಿ ಆಚೆ ಎಮರಾಲ್ಡ್ ಅನ್ನೋ ಊರಿನ ಹತ್ತಿರ, ಕೆರೆಯ ಅಂಚಿಗೆ, ಟೂರಿಸ್ಟುಗಳಿಗೆ ಅಂತ ಹೊಸ ಅಪಾರ್ಟ್‌ಮೆಂಟು. ಸೌಟಿನಿಂದ ಹಿಡಿದು ಎಲ್ಲ ಅಲ್ಲೇ ಇರುತ್ತೆ, ಅಡುಗೆ ನಾವೇ ಮಾಡಿಕೊಳ್ಳಬಹುದು. ಸ್ನೇಹಿತನದು, ಎರಡು ದಿನ ಆರಾಮಾಗಿರು ಅಂದ. ಬೆಳಗ್ಗೆ ಒಂದು ಕಾಗದಕ್ಕೆ ಸೈನ್ ಹಾಕಬೇಕು ಅಂತಲೂ ಅಂದ... ಊಟದ ನಡುವೆ ಉಪ್ಪು ಕೇಳಿದ ಹಾಗೆ.

ಆ ಕಾಗದದ ವಿಷಯ ಹೇಳಿಬಿಡ್ತೀನಿ. ಕೆರೆ ಪಕ್ಕ ಚಿಕ್ಕಮ್ಮನದೊಂದು ಕ್ಯಾರೆಟ್ ಹೊಲ ಇತ್ತು, ಹೊಲದಲ್ಲೊಂದು ಬಾವಿ. ಹಾಸಿಗೆ ಹಿಡಿದಾಗ ನೋಡಿಕೊಂಡವಳು ರೂಪಶ್ರೀ. ಹೊಲ ಅವಳಿಗೇ ಅಂತ ಚಿಕ್ಕಮ್ಮ ಮಂಜುನಾಥನ ಕೈ ಹಿಡಿದು ಮಾತು ತಗೊಂಡು ಕಣ್ಮುಚ್ಚಿದಳು. ಆಮೇಲೆ ಬಂತಲ್ಲ ಆ ದೊಡ್ಡ ಮಳೆ... ಮಣ್ಣು ಜರಿದು ಹೊಲ, ಬಾವಿ ಎಲ್ಲ ಕೆರೆ ಪಾಲಾಯ್ತು ಅಂತ ಇವನು ಫೋನಿನಲ್ಲಿ ಗೊಳೋ ಅಂತ ಅತ್ತ. ಕಣ್ಣಿಂದ ನೋಡಲಾರೆ ಅಂತ ಅವಳು ಆ ಕಡೆ ತಲೆಯನ್ನೇ ಹಾಕಲಿಲ್ಲ. ಅಷ್ಟು ಹತ್ತಿರ, ಊಟಿ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟುಕೊಂಡ ನಾನೂ ನಂಬಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಹೋದ ಜಮೀನನ್ನು ದಾಖಲೆಯಿಂದ ತೆಗೆಸೋಕೆ ಈ ಸೈನು, ಅಷ್ಟೇ ಅಂದಿದ್ದ.

ತಲುಪಿದಾಗ ಕತ್ತಲು. ಕಾರು ಕೆಳಗೇ ನಿಂತಿತು. ದಟ್ಟ ಮಂಜು ಕವಿದಿತ್ತು... ಮುಂದಿಟ್ಟ ಕೈ ಕಾಣದಷ್ಟು. ನಡೆಯುತ್ತಾ ನಡೆಯುತ್ತಾ ಒಂದು ತಿರುವಿನಲ್ಲಿ ಅವಳ ಕಾಲು ತಾನಾಗಿ ಎಡಕ್ಕೆ ಹೊರಳಿತಂತೆ.

"ಅಣ್ಣ, ಬಾವಿ ಇಲ್ಲೇ ಎಲ್ಲೋ ಇತ್ತಲ್ವಾ?" ಅಂತ ಪಿಸುಗುಟ್ಟಿದಳು.

"ಅದು ಆಚೆ ಗುಡ್ಡ. ಹೋಯ್ತಲ್ಲ ಅದು... ನಡಿ."

ಒಳಗೆ ನೋಡಿದರೆ ಗೋಡೆ ತುಂಬ ಹಡಗಿನ ಚಿತ್ರ, ಗಾಜಿನ ಬಟ್ಟಲಲ್ಲಿ ಕಪ್ಪೆಚಿಪ್ಪು. ಕೋಳಿಕ್ಕೋಡಿಗೆ ಇಳಿಯದೆ ಸಮುದ್ರ ಕಾಣದ ನಮ್ಮ ಬೆಟ್ಟದಲ್ಲಿ ಕಡಲ ತೀರದ ವೇಷ. ಅವಳು ಅಮ್ಮನ ಹಾಗೇ ಅವರೆಕಾಳು ಹುಳಿ ಮಾಡಿದಳು. ಇವನು ಮೂರು ಸಲ ಹಾಕಿಸಿಕೊಂಡ. ಅವನ ಗಂಟಲಲ್ಲಿ ಹೇಗೆ ಇಳಿಯಿತೋ, ನನಗಿನ್ನೂ ಗೊತ್ತಾಗಿಲ್ಲ.

ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯ್ತು. ನಲ್ಲಿ ಕೊರಕೊರ ಅಂತು... ನಿಂತಿತು. ಅವಳಿಗೆ ಕಸಿವಿಸಿ. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಬರಿದಾಗಿ ಮಲಗಬಾರದು, ಗುಟುಕಾದರೂ ನೀರಿರಬೇಕು, ಅದು ನಮ್ಮ ಮನೆಗಳ ಪದ್ಧತಿ. ಚಿಕ್ಕಮ್ಮ ಅಂತೂ ಜ್ವರ ಬಂದರೂ ಬಾವಿಗೆ ಹೋಗಿ ಒಂದು ಕೊಡ ಸೇದದೆ ಮಲಗಿದವಳಲ್ಲ. ಮಂಜುನಾಥನ ಬಾಟಲಿಯಲ್ಲಿ ಒಂದು ಲೋಟದಷ್ಟು ನೀರಿತ್ತು. ಕೇಳಿದಳು. ಒಂದು ರಾತ್ರಿಗೆ ಏನೂ ಆಗಲ್ಲ ಅಂತ ಅಷ್ಟನ್ನೂ ತನ್ನ ಲೋಟಕ್ಕೆ ಸುರಿದುಕೊಂಡು, ತಲೆದಿಂಬಿನ ಪಕ್ಕ ಇಟ್ಟು ಮಲಗಿದ.

ಎಷ್ಟು ಹೊತ್ತಿಗೋ ಎಚ್ಚರ.

ಕಿರ್‍ರ್... ಕಿರ್‍ರ್...

ರಾಟೆ. ಎಣ್ಣೆ ಕಾಣದ ಹಳೇ ಕಬ್ಬಿಣದ ರಾಟೆ. ಆಮೇಲೆ ಹಗ್ಗ ಸರಸರ ಇಳಿದ ಸದ್ದು. ಧೊಪ್... ಗುಳುಗುಳು ಅಂತ ಕೊಡ ಮುಳುಗಿದ್ದು. ಹೊರಗಿನಿಂದಲ್ಲ, ಅಡುಗೆಮನೆಯಿಂದ. ನಡುವೆ ಎರಡು ಸಣ್ಣ ಕೆಮ್ಮು. ಆರು ತಿಂಗಳು ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮು, ಮಗಳಿಗೆ ಗೊತ್ತಾಗದೆ ಇರುತ್ತಾ?

"ಅಮ್ಮಾ..."

ಸದ್ದು ನಿಂತಿತು. ಒಂದು ಗಳಿಗೆ... ಮತ್ತೆ ಶುರುವಾಯ್ತು. ಕಿರ್‍ರ್... ಕಿರ್‍ರ್... ಬೆಳಕು ಹರಿಯುವವರೆಗೂ. ಅವಳಿಗೆ ಭಯ ಆಗಲಿಲ್ಲವಂತೆ, ಬರೀ ಅಳು ಬಂತಂತೆ.

ಬೆಳಗ್ಗೆ ಕರೆಂಟು ಇನ್ನೂ ಬಂದಿರಲಿಲ್ಲ, ನಲ್ಲಿ ಒಣಗಿತ್ತು. ಅಡುಗೆಮನೆಯಲ್ಲಿ ಕುಕ್ಕರು, ಬಾಣಲೆ, ಕಪಾಟಿನೊಳಗಿನ ಗಾಜಿನ ಲೋಟ, ಚಟ್ನಿ ಬಟ್ಟಲು... ಎಲ್ಲ ಅಂಚಿನವರೆಗೆ ತುಂಬಿ ನಿಂತಿದ್ದವು. ಒಂದು ಲೋಟ ಎತ್ತಿ ಕುಡಿದಳು. ಮೊದಲು ಸ್ವಲ್ಪ ಒಗರು, ಆಮೇಲೆ ನಾಲಿಗೆಯೆಲ್ಲ ಸಿಹಿ. ನೀರು ಸಿಹಿಯಾಗಲಿ ಅಂತ ಚಿಕ್ಕಮ್ಮ ಬಾವಿಯೊಳಗೆ ನೆಲ್ಲಿ ಕೊರಡು ಇಳಿಸಿದ್ದಳು. ಆ ರುಚಿ ಆ ಸುತ್ತಿನಲ್ಲಿ ಇನ್ನೊಂದು ಬಾವಿಗೆ ಇರಲಿಲ್ಲ.

ಮಂಜುನಾಥ ಕಾಗದ, ಪೆನ್ನು ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಪಾತ್ರೆಗಳನ್ನು ನೋಡಿದ.

"ಅಣ್ಣ, ನಮ್ಮ ಬಾವಿ ಎಲ್ಲಿ?"

ಅವನು ಪೆನ್ನಿನ ಮುಚ್ಚಳ ಹಾಕಿದ. ಅವಳು ಇನ್ನೊಂದು ಸಲ ಕೇಳಿದಳು, ಮೆಲ್ಲಗೆ.

"ನೀನು ನಿಂತಿದ್ದೀಯಲ್ಲ..." ಅಂದ. "ಅಲ್ಲೇ ಕೆಳಗೆ."

ಹೊಲ ಜರಿದಿರಲಿಲ್ಲ. ಒಂದು ಹಿಡಿ ಮಣ್ಣೂ ಜರಿದಿರಲಿಲ್ಲ. ಬಾವಿ ಮುಚ್ಚಿಸಿ, ಟೈಲ್ಸ್ ಹಾಕಿಸಿ, ಅದರ ಮೇಲೆ ತಂಗಿಯ ಕೈಲಿ ಅಮ್ಮನ ಹುಳಿ ಮಾಡಿಸಿ ಉಂಡಿದ್ದ. ಜಾಗ ತಗೊಂಡು ಕಟ್ಟಿದವರಿಗೆ ಅವಳ ಒಪ್ಪಿಗೆಯ ಸೈನೊಂದು ಬೇಕಿತ್ತು, ಅಷ್ಟೇ. ಹೊರಗಿನವರು ಮಾಡಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು. ಅವಳು ಕಾಗದ ಮಡಚಿ ಅವನ ಜೇಬಿಗೇ ಇಟ್ಟು, ನನಗೆ ಫೋನ್ ಮಾಡಿದಳು. ಇವತ್ತಿನವರೆಗೂ ಸೈನ್ ಹಾಕಿಲ್ಲ.

ಸಿಕ್ಕ ಮೊದಲ ಬಸ್ಸಿಗೆ ನಾನೇ ಹೋದೆ. ಆ ನೀರು ನಾನೂ ಕುಡಿದೆ. ಎಲ್ಲಾ ಪಾತ್ರೆ ಮುಟ್ಟಿ ನೋಡಿದೆ. ಬರಿದಾಗಿದ್ದದ್ದು ಒಂದೇ... ಮಂಜುನಾಥನ ತಲೆದಿಂಬಿನ ಪಕ್ಕದ ಲೋಟ. ತುಟಿಗೆ ಸೋಕಿಸಲೇ ಇಲ್ಲ ಅಂತ ಅವನು ಆಣೆ ಇಟ್ಟ. ಬೆರಳು ಹಾಕಿ ತಳ ಸವರಿದೆ. ಹನಿ ಇರಲಿಲ್ಲ.