ಎರುಯಾನ್ ಕ್ಷೇತ್ರದ ನಲವತ್ತೊಂದು ಮತ

...ಇಲ್ಲ ಅಂದ್ರೆ ಇಲ್ಲ, ರೆನ್‌ಬೆನಿ! ಎಷ್ಟು ಸಲ ಹೇಳ್ಲಿ? ಕೂತ್ಕೋ, ಬಾಗಿಲಿಗೆ ಅಡ್ಡ ನಿಲ್ಲಬೇಡ. ನಿಮ್ಮಪ್ಪ ಜುಚಾಮೊ ದಿಮಾಪುರದಲ್ಲಿ ತೀರಿಕೊಂಡ, ದೇವರು ಅವನಿಗೆ ಶಾಂತಿ ಕೊಡಲಿ. ಆದ್ರೆ ಅವನ ಹೆಣ ಈ ಪೋಂಚುಂಗ್ ಊರಿನ ಮಣ್ಣಿಗೆ ಬರೋ ಹಾಗಿಲ್ಲ. ಗಾಡಿ ಊರಬಾಗಿಲಲ್ಲಿ ನಿಂತಿದೆಯಾ? ನಿಂತಿರಲಿ. ತಾಯಿ ಗೋರಿ ಪಕ್ಕದಲ್ಲಿ ಮಲಗಬೇಕು ಅಂತ ಆಸೆ ಪಟ್ಟಿದ್ನಂತೆ... ಆಸೆ! ಇಪ್ಪತ್ತೊಂದು ವರ್ಷದ ಹಿಂದೆ ಊರಿಗೆ ಊರೇ ಸೇರಿ ಹೊರಗೆ ಹಾಕಿದ ಮನುಷ್ಯ ಅವನು. ಊರಹಿರಿಯ ಅಂತ ಈ ಕೆಂಪು ಶಾಲು ಹೊದ್ದು ತೀರ್ಪು ಹೇಳಿದೋನು ನಾನೇ. ಈಗ ನಾನೇ ಎದ್ದು 'ಬಾರಪ್ಪಾ' ಅನ್ನಬೇಕಾ?

ಯಾಕೆ ನಗ್ತೀಯ? ಒಂದು ಚುನಾವಣೆಗೋಸ್ಕರ ಹೆಣ ತಡೀತಾರಲ್ಲ ಅಂತಲಾ? ನಗು, ನಗು. ದಿಮಾಪುರದಲ್ಲಿ ಬೆಳೆದೋಳು ನೀನು, ನಮ್ಮ ಎರುಯಾನ್ ಕ್ಷೇತ್ರದ ಚುನಾವಣೆ ಅಂದ್ರೆ ನಿನಗೇನು ಗೊತ್ತು! ಕೇಳಿಸ್ಕೋ.

ಮೊದಲನೇ ಚುನಾವಣೆ ಕಥೆ ನನಗೆ ಹೇಳಿದ್ದು ನನ್ನ ಸೋದರಮಾವ ಯಾನ್ಸಾಮೊ. ಅದು ನಡೆದದ್ದು ಅರವತ್ನಾಲ್ಕರಲ್ಲಿ. ನಾನಾಗ ಸೈನ್ಯದ ಪಲ್ಟನ್ನಲ್ಲಿದ್ದೆ. ಮತದ ಪೆಟ್ಟಿಗೆ ಬೆನ್ನಿನ ಬುಟ್ಟೀಲಿ ಹೊತ್ತು ತಂದ್ರಂತೆ. ಆರಿಸಿದವನನ್ನ ಸರ್ಕಾರ ಕರ್ಕೊಂಡು ಹೋಗುತ್ತೆ ಅಂತ ಸುದ್ದಿ ಹಬ್ಬಿತ್ತು. ಹಾಗಾದ್ರೆ ಒಳ್ಳೇದೇ ಆಯ್ತು ಅಂತ, ಯಾರು ತೊಲಗಿದ್ರೆ ಸಾಕು ಅನ್ನಿಸಿತ್ತೋ ಅವನಿಗೇ ಊರವರೆಲ್ಲ ಮತ ಹಾಕಿದ್ರಂತೆ! ಹೋದ. ಐದು ವರ್ಷ ಈ ಕಡೆ ತಲೆ ಹಾಕಲಿಲ್ಲ. ಹಾಂ, ಈಗ ನಗು. ಈಗ ನಕ್ಕರೆ ತಪ್ಪಿಲ್ಲ.

ಎಪ್ಪತ್ನಾಲ್ಕರ ಕಥೆ ಕೇಳಿದ್ರೆ ನಗಲ್ಲ ನೀನು. ಮೇಲಿನ ಕೇರಿ ಒಬ್ಬನಿಗೆ, ಕೆಳಗಿನ ಕೇರಿ ಇನ್ನೊಬ್ಬನಿಗೆ. ಅಣ್ಣತಮ್ಮಂದಿರು ಒಲೆ ಹಚ್ಚೋಕೆ ಒಬ್ಬರಿಗೊಬ್ಬರು ಕೆಂಡ ಕೊಡೋದೂ ನಿಂತಿತು. ಆರು ಕಣಜ ಸುಟ್ಟವು, ಬತ್ತದ ಸಮೇತ. ಇಲ್ಲಿ ನೋಡು, ಕಿವಿ ಮೇಲೆ... ಈ ಕಲೆ ನನ್ನ ಒಡಹುಟ್ಟಿದ ತಮ್ಮ ಕೊಟ್ಟಿದ್ದು. ಸೌದೆ ತಗೊಂಡು ಬಾರಿಸಿದ. ಗೆದ್ದವನು ನಮ್ಮೂರಿಗೆ ಒಂದು ದಿನವೂ ಬರಲಿಲ್ಲ. ಸೋತವನೂ ಬರಲಿಲ್ಲ!

ಆಮೇಲೆ ತಾನೇ ನಾವು ಚರ್ಚಲ್ಲಿ ಕೂತು ಮಾತು ಕಟ್ಟಿದ್ದು? ಊರಿಗೆಲ್ಲ ಒಂದೇ ಬಾಯಿ. ಹಿರಿಯರು ಒಬ್ಬನನ್ನ ಒಪ್ಪಬೇಕು, ಬೈಬಲ್ ಮುಟ್ಟಿ ಅವನಿಗೆ ಮಾತು ಕೊಡಬೇಕು, ಮನೆ ಯಜಮಾನ ಮನೆಯವರ ಮತಕ್ಕೆಲ್ಲ ತಾನೇ ಮುದ್ರೆ ಒತ್ತಿ ಬರಬೇಕು. ತಪ್ಪು ಅಂತೀಯಾ? ಕಾನೂನು ಹೇಳ್ಬೇಡ ನನಗೆ! ಕಾನೂನು ನಮ್ಮ ಕಣಜ ಉಳಿಸಲಿಲ್ಲ. ಆ ಮಾತು ಉಳಿಸಿತು. ದೇವರ ಮುಂದೆ ಕೊಟ್ಟ ಮಾತು ಅದು.

ಆ ಮಾತನ್ನ ಮುರಿದೋನು ನಿಮ್ಮಪ್ಪ!

ಎಂಬತ್ತೆರಡು. ಲಿಬೆಮೊಗೆ ಮಾತು ಕೊಟ್ಟಿದ್ವಿ. ಕೊಡೆ ಅವನ ಗುರುತು. ಇದೇ ಒಲೆ ಪಕ್ಕ ಕೂತು ಹೊಗೆಮಾಂಸ ತಿಂದ, ನಮ್ಮ ಜೊತೆ ಮೊಣಕಾಲೂರಿ ಪ್ರಾರ್ಥನೆ ಮಾಡಿದ. ಎದುರಾಳಿ ಚೋನ್‌ಚಿಯೊ, ನಿಮ್ಮಮ್ಮನ ತವರೂರಿನವನು. ಅವನ ಗುರುತು ಮರ. ಪೋಂಚುಂಗಿಂದ ಮರಕ್ಕೆ ಒಂದು ಮತವೂ ಬೀಳಲ್ಲ ಅಂತ ನಾನು, ಈ ಒರೆನ್‌ತುಂಗ್, ಇಡೀ ಕ್ಷೇತ್ರದ ಮುಂದೆ ಎದೆ ತಟ್ಟಿ ಹೇಳಿದ್ದೆ. ಎಣಿಕೆ ದಿನ ನಮ್ಮ ಮತಗಟ್ಟೆ ಪೆಟ್ಟಿಗೆ ಬಿಚ್ಚಿದ್ರೆ... ಮರಕ್ಕೆ ನಲವತ್ತೊಂದು! ನಲವತ್ತೊಂದು, ರೆನ್‌ಬೆನಿ! ಲಿಬೆಮೊ ಸೋತಿದ್ದು ಮೂವತ್ತೇ ಮತದಲ್ಲಿ. ಅವನು ಎಣಿಕೆ ಕೋಣೇಲಿ ಎದ್ದು ನಿಂತು, 'ಪೋಂಚುಂಗಿನ ಹಿರಿಯರೇ, ನಿಮ್ಮೂರಲ್ಲಿ ದೇವರು ಯಾವ ಗುರುತಿನ ಮೇಲೆ ನಿಂತಿದ್ದ?' ಅಂತ ಕೇಳಿದ. ಎಲ್ಲರೂ ನಕ್ಕರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು ನನಗೆ.

ಊರಿಗೆ ಬಂದ್ವಿ. ಯಾರು, ಯಾರು ಅಂತ ಜನ ಬೊಬ್ಬೆ. 'ಜುಚಾಮೊ ಹೆಂಡತಿ ಚೋನ್‌ಚಿಯೊ ಊರಿನವಳಲ್ವಾ' ಅಂತ ಯಾರೋ ಕೂಗಿದ್ರು. ಅಷ್ಟೇ. ಒಂದು ಹಂದಿ ದಂಡ ಹಾಕಿದ್ವಿ, ಚರ್ಚಿಂದ ಹೆಸರು ಹೊಡೆದುಹಾಕಿದ್ವಿ, ಸಂಜೆಯೊಳಗೆ ಊರು ಬಿಡು ಅಂದೆ. ನೀನು ಇಷ್ಟುದ್ದ ಇದ್ದೆ, ಕೋಳಿಪಂಜರ ತಬ್ಕೊಂಡು ಅಳ್ತಾ ಹೋದೆ. ನನಗೇನು ಕರುಣೆ ಇರಲಿಲ್ಲ ಅಂದ್ಕೊಂಡ್ಯಾ? ಇತ್ತು! ಆದ್ರೆ ನಲವತ್ತೊಂದು ಮತ ಮಾರಿ...

ಏನದು? ಬೆರಳು ಯಾಕೆ ಮಡಚ್ತಿದೀಯ?

ಅಪ್ಪ, ಅಮ್ಮ... ಅಜ್ಜಿ... ಚಿಕ್ಕಪ್ಪಂದಿರು ಇಬ್ಬರು. ಹೂಂ. ಐದು. ನಿಮ್ಮ ಮನೇಲಿದ್ದ ಮತ ಐದೇ. ಅದಕ್ಕೇನೀಗ? ಬೇರೆಯವರನ್ನೂ ಕೆಡಿಸಿರ್ತಾನೆ. ನೆಂಟರನ್ನ, ಗೆಳೆಯರನ್ನ...

ಯಾವ ಮನೆಯವರನ್ನ ಅಂತೀಯಾ? ಅನ್ನಲಿಲ್ವಾ? ಸರಿ, ನೀನೇನೂ ಅನ್ನಲಿಲ್ಲ. ಹಾಗಾದ್ರೆ ಹಾಗೆ ನೋಡ್ಬೇಡ! ದೊಡ್ಡವರ ಮುಖ ಹಾಗೆ ನೋಡಬಾರದು. ನಿಮ್ಮಪ್ಪನೂ ಹೊರಡೋ ದಿನ ಹೀಗೇ ನೋಡಿದ, ಇದೇ ಬಾಗಿಲಲ್ಲಿ. ಬಯ್ಯಲಿಲ್ಲ, ಅಳಲಿಲ್ಲ. ಅವನು ಬಯ್ದಿದ್ದಿದ್ರೆ...

ಚಹಾ ಕುಡಿ. ಆರಿ ಹೋಯ್ತು.

...ಊರಲ್ಲಿಲ್ಲದವರ ಮತದ ಚೀಟಿ ಇರ್ತಾವಲ್ಲ. ಪಲ್ಟನ್ನಲ್ಲಿರೋರದು, ಶಿಲ್ಲಾಂಗಲ್ಲಿ ಓದೋರದು. ಆ ಸಲ ನಲವತ್ತೊಂದಿದ್ವು. ಅವನ್ನ ಊರಹಿರಿಯನೇ ಒತ್ತಬೇಕು. ಪದ್ಧತಿ ಅದು, ನಾನು ಮಾಡಿದ್ದಲ್ಲ. ಕಣ್ಣಿಗೆ ಆಗಲೇ ಪೊರೆ ಬರೋಕೆ ಶುರುವಾಗಿತ್ತು, ತೆಗೆಸಿದ್ದು ಎಷ್ಟೋ ವರ್ಷ ಆದ್ಮೇಲೆ. ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದವನ ಹೆಗಲಿಗೆ ಕೆಂಪು ಶಾಲು ಯಾರು ಹೊದಿಸ್ತಾರೆ ಹೇಳು? ಕೊಡೆ... ಕೆಳಗೊಂದು ಕೋಲು, ಮೇಲೊಂದು ಗುಂಡು. ಮರ... ಅದೂ ಹಾಗೇ. 'ಒರೆನ್‌ತುಂಗಣ್ಣ, ನಾನು ಬೆರಳಿಟ್ಟು ತೋರಿಸ್ಲಾ?' ಅಂತ ಒಬ್ಬ ಹತ್ತಿರ ಬಂದ. ಕೈ ತಳ್ಳಿಬಿಟ್ಟೆ. 'ನನಗೆ ಗೊತ್ತಿಲ್ವೇನೋ, ಹೋಗೋ ಆಚೆ' ಅಂದೆ.

ಯಾರು ಅಂತ ಕೇಳಲ್ವಾ?

ಕೇಳು! ಯಾಕೆ ಕೇಳಲ್ಲ ನೀನು?

...ನಿಮ್ಮಪ್ಪ ಹೇಳಿದ್ನಾ, ಬೆರಳಿಟ್ಟು ತೋರಿಸೋಕೆ ಬಂದೋನು ತಾನೇ ಅಂತ? ಸಾಯೋ ಮುಂಚೆ ಹೇಳಿದ್ನಾ ನಿನಗೆ? ಹಾಗಾದ್ರೆ ಈ ಮನೆ ಮೆಟ್ಟಿಲು ಹತ್ತೋವಾಗಲೇ ನಿನಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಸುಮ್ಮನೆ ಕೂತು, ನಾನು ಕೂಗಾಡೋದನ್ನ...

ಬಯ್ಯೇ! ಒಂದು ಮಾತು ಬಯ್ಯಿ ನನ್ನ! ಅವನಿಗೆ ಗೊತ್ತಿತ್ತು ಅಂದ್ರೆ ಯಾಕೆ ಕೂಗಿ ಹೇಳಲಿಲ್ಲ? ಊರು ಮತ್ತೆ ಎರಡಾಗುತ್ತೆ ಅಂತಲಾ? ಕಣಜ ಮತ್ತೆ ಸುಡ್ತಾವೆ ಅಂತಲಾ? ಅವನ್ಯಾರು ನನ್ನ ಮಾನ ಉಳಿಸೋಕೆ! ಇಪ್ಪತ್ತೊಂದು ವರ್ಷ, ಪ್ರತಿ ಭಾನುವಾರ, ಮುಂದಿನ ಸಾಲಲ್ಲಿ ಕೂತು ಹಾಡಿದೀನಿ ನಾನು. ಕೋಪ ಅವನ ಮೇಲಲ್ಲ, ಮಗಳೇ. ಅವನ ಮೇಲೆ ಅಲ್ಲ.

ಏಳು. ಊರಬಾಗಿಲಿಗೆ ಹೋಗಿ, ಗಾಡಿ ಒಳಗೆ ಬಿಡಬೇಕಂತೆ, ಒರೆನ್‌ತುಂಗ್ ಹೇಳಿದ ಅನ್ನು. ಅವನ ತಾಯಿ ಎಡಗಡೆ ಜಾಗ ಇದೆ. ಯಾಕೆ ಅಂತ ಕೇಳ್ತಾರೆ. ಹೇಳಿಬಿಡು. ನಾನೂ ಕೋಲು ಹುಡುಕಿಕೊಂಡು ಹಿಂದೇನೇ ಬರ್ತೀನಿ. ಕೇಳಿದ್ರೆ ಹೌದು ಅಂತೀನಿ. ಮುಂದೆ ನಿನ್ನ ಮಕ್ಕಳಾಗಲಿ, ಯಾರೇ ಆಗಲಿ, ಎರುಯಾನಲ್ಲಿ ಯಾರು ಗೆದ್ರು, ಯಾರು ಸೋತ್ರು ಅಂತ ಕೇಳಿದ್ರೆ ಎಂಬತ್ತೆರಡನ್ನ ಬಿಡಬೇಡ. ಕೊಡೆ ಅಂದ್ಕೊಂಡು ಮರಕ್ಕೆ ಒತ್ತಿದವನ ಹೆಸರು ಹೇಳು, ಬಾಯಿ ಮುಚ್ಚಿಕೊಂಡು ಊರು ಬಿಟ್ಟವನ ಹೆಸರೂ ಹೇಳು. ಕೇಳಿದವರಿಗೂ, ಇನ್ನೊಬ್ಬರಿಗೆ ಹೇಳಿ ಅನ್ನು.