ತಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಮಾನ್ಯ ಅಧ್ಯಕ್ಷರೇ, ಡಾಕ್ಟರಮ್ಮನವರೇ, ಗುರುವಾರದ ಗುಂಪಿನವರೇ, ಅವರನ್ನು ಕರೆತಂದು ಹೊರಗಿನ ಬೆಂಚಿನಲ್ಲಿ ಕಾಯುವ ಮನೆಯವರೇ, ಸಭಿಕರೇ,

ನಾನು ಬಟ್ಟೆ ಹೊಲಿಯುವವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದಿನ ಕಳೆದವಳು, ಮಾತು ಕಲಿತದ್ದು ಕಡಿಮೆ. ಗುಂಪಿಗೆ ಹತ್ತು ವರ್ಷ ತುಂಬಿದ ಈ ಸಭೆಯಲ್ಲಿ ನನ್ನನ್ನು 'ಆದರ್ಶ ಪೋಷಕಿ' ಎಂದು ಸನ್ಮಾನಿಸುತ್ತಿದ್ದೀರಿ. ಫಲಕ ಕೈಗೆ ಬರುವ ಮೊದಲು ಒಂದು ವಿಷಯ ಹೇಳಿಬಿಡಬೇಕು.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇತ್ತು. ಯಾರೂ ಆಡದ ಮಾತು ಅವನಿಗೆ ಕೇಳಿಸುತ್ತಿತ್ತು. ಇಂಥವರೇ ಗುರುವಾರಕ್ಕೊಮ್ಮೆ ಸೇರುವ ಈ ಗುಂಪಿಗೆ ಬರುವ ತನಕ ಅವನು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಮೊದಲ ದಿನ ಗುಂಪಿನ ನಮ್ಮ ಕಂಡಕ್ಟರಣ್ಣ, ತನ್ನ ಕಿವಿಗೆ ಬರುವ ದನಿಗೆ "ಸೀಟಿಲ್ಲ ಹೋಗಯ್ಯ, ಮುಂದಿನ ಬಸ್ಸಿಗೆ ಬಾ" ಎಂದು ಗದರಿಸುವುದಾಗಿ ಹೇಳಿದಾಗ ಅವನು ಜೋರಾಗಿ ನಕ್ಕ. ಅವನು ನಕ್ಕು ನಾಲ್ಕು ವರ್ಷವಾಗಿತ್ತು.

ಇಲ್ಲಿ ಕಲಿಸಿದ ಉಪಾಯಗಳಲ್ಲಿ ಅವನು ಗಟ್ಟಿಯಾಗಿ ಹಿಡಿದದ್ದು ಒಂದನ್ನೇ. ಅನುಮಾನ ಬಂದರೆ ನಂಬಿದವರನ್ನು ಕೇಳಬೇಕು: "ನಿನಗೂ ಕೇಳಿಸ್ತಾ?" ಅವರು ಹೌದು ಅಥವಾ ಇಲ್ಲ ಎನ್ನಬೇಕು, ಅಷ್ಟೇ. ಬುದ್ಧಿವಾದ ಕೂಡದು. ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ನಾನು ಇಲ್ಲ ಎಂದರೆ "ಸರಿ ಬಿಡು" ಎಂದು ಸೂಜಿಗೆ ಮರಳುತ್ತಿದ್ದ. ಆ "ಸರಿ ಬಿಡು" ಎಷ್ಟು ದೊಡ್ಡದೆಂದು ನಿಮಗೆ ಹೇಳಬೇಕೆ?

ಒಂದು ಮಧ್ಯಾಹ್ನ ಕೋಟು ಒಯ್ಯಲು ಬಂದ ಹೆಂಗಸು ಬಾಗಿಲಲ್ಲಿ ಮಗಳಿಗೆ ಪಿಸುಗುಟ್ಟಿದಳು: "ಆ ಹುಚ್ಚನ ಕೈಲಿ ಗುಂಡಿ ಹಾಕ್ಸಿದಾಳಲ್ಲೇ! ಮನೆಗೆ ಹೋಗಿ ಬಿಚ್ಚಿ ಹಾಕೋಣ."

ತಮ್ಮ ತಲೆಯೆತ್ತಿದ. "ಅಕ್ಕಾ, ನಿನಗೂ ಕೇಳಿಸ್ತಾ?"

ಕೇಳಿಸಿತ್ತು ಸಭಿಕರೇ, ಒಂದೊಂದು ಅಕ್ಷರವೂ ಕೇಳಿಸಿತ್ತು. ಅವನಿಗೆ ನೋವಾಗಬಾರದೆಂದು ಇಲ್ಲ ಎಂದೆ. ಅವನು "ಸರಿ ಬಿಡು" ಎನ್ನಲಿಲ್ಲ.

ಗುರುವಾರ ಗುಂಪಿನಲ್ಲಿ, ಈಗ ಹೊಸ ಹೆಂಗಸಿನ ದನಿ ಬಂದಿದೆ, ಥೇಟು ನಿಜದಂತಿದೆ ಎಂದ. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಅವರ ತಪ್ಪೇನು? ತಮ್ಮನ ಕೈ ನಡುಗತೊಡಗಿತು, ಸೂಜಿಗೆ ದಾರ ಪೋಣಿಸಲಾಗದಾಯಿತು. ನಾನು ಪೋಣಿಸಿಕೊಡುತ್ತಿದ್ದೆ. ನಿಜ ಹೇಳಲು ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಂದೂವರೆ ತಿಂಗಳು!

ಕೊನೆಗೊಂದು ಸೋಮವಾರ ಹೇಳಿಬಿಟ್ಟೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು.

"ಅಂದ್ರೆ ಅವತ್ತು ನನ್ನ ತಲೆ ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು ಕಣೋ."

"ಏ ಸುಳ್ಳುಬುರುಕಿ! ಗುರುವಾರ ಎಲ್ಲರ ಮುಂದೆ ನೀನೇ ಹೇಳ್ಬೇಕು, ಗೊತ್ತಾಯ್ತಾ?"

ಬುಧವಾರ ಜ್ವರ ಏರಿತು. ಎದೆಯಲ್ಲಿ ಕಫ ಕಟ್ಟಿತು. ಶನಿವಾರ ಹೋಗಿಬಿಟ್ಟ. ಆಮೇಲೆ ಹನ್ನೆರಡು ಗುರುವಾರ ಬಂದವು, ನಾನು ಬರಲಿಲ್ಲ.

ಫಲಕ ಹಾಗಿರಲಿ ಅಧ್ಯಕ್ಷರೇ. ಡಾಕ್ಟರಮ್ಮ, ಅವನ ಫೈಲಿನಲ್ಲಿ ಆ ವಾರದ ಹಾಳೆ ತೆಗೆದು, ದನಿ ಹೆಚ್ಚಾಗಿದೆ ಎಂದು ಬರೆದದ್ದನ್ನು ಹೊಡೆದುಹಾಕಿ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಅವನು ಸರಿಯಾಗಿಯೇ ಕೇಳಿಸಿಕೊಂಡ ಎಂದು ಬರೆಯಿರಿ. ಬರೆದಾದ ಮೇಲೆ ಈ ಮೈಕಿನಲ್ಲಿ ಗಟ್ಟಿಯಾಗಿ ಓದಿ. ನಾನು ಕುಳಿತು ಕೇಳುತ್ತೇನೆ.

ನಡುವೆ ತಡೆಯದೆ ಮಾತಾಡಲು ಬಿಟ್ಟ ನಿಮಗೆಲ್ಲ ವಂದನೆಗಳು. ನಮಸ್ಕಾರ.